ಬೇವಿನ ಬುಡದ ಬಂಡೆ

ಈ ಮಾತನ್ನು ಬರೆಯಬೇಕೆಂದು ಈಸ್ಟರ್ ಹಬ್ಬ ಮುಗಿದಾಗಿನಿಂದ ಕುಳಿತುಕೊಳ್ಳುತ್ತಿದ್ದೇನೆ. ಕುಳಿತಾಗಲೆಲ್ಲ ಬೇರೆ ಏನನ್ನೋ ಬರೆದು ಎದ್ದಿದ್ದೇನೆ. ಒಂದು ವಾರ ಈ ಅಂಕಣದಲ್ಲಿ ಸಕ್ಕರೆ ಕ್ಯೂ ಬಗ್ಗೆ ಬರೆದೆ. ಇನ್ನೊಂದು ವಾರ ಸೀಮೆ ಎಣ್ಣೆ. ಕಳೆದ ವಾರ ನಮ್ಮ ಸಿಂದಗಿ ಬಸ್ ಸ್ಟ್ಯಾಂಡಿನ ಹಂದಿಯ ಬಗ್ಗೆ ಬರೆದೆನಲ್ಲ, ಅದು ನಿಮ್ಮಲ್ಲಿ ಅನೇಕರಿಗೆ ಬಹಳ ಹಿಡಿಸಿತಂತೆ. ಸಂತೋಷ. ಆದರೆ ಸತ್ಯ ಹೇಳಲೇ? ನಾನು ಆ ಹಂದಿಯ ಹಿಂದೆ ಅಡಗಿ ಕುಳಿತಿದ್ದೆ.

ಈ ವಾರ ಅಡಗಲು ಏನೂ ಸಿಗಲಿಲ್ಲ.

ನಾನು ರಿಟೈರ್ ಆದ ಬಸ್ ಕಂಡಕ್ಟರ್ ಎಂಬುದು ನಿಮಗೆ ಗೊತ್ತು. (ಮನೆಗೆ ಬಂದ ನೆಂಟರಿಗೆ ಈಗಲೂ ನಾನು 'ಒಳಗ ಸರೀರಿ, ಒಳಗ ಸರೀರಿ' ಎನ್ನುತ್ತೇನೆಂದು ಮನೆಯಾಕೆಯ ದೂರು.) ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಈ ಊರುಗಳ ನಡುವಿನ ಧೂಳನ್ನು ನನ್ನಷ್ಟು ಕುಡಿದವರು ಕಡಿಮೆ. ಧೂಳಿನ ಜೊತೆಗೆ ನಮ್ಮ ಜನರ ಒಂದು ವಿದ್ಯೆಯನ್ನೂ ಜೀವಮಾನವಿಡೀ ನೋಡಿದ್ದೇನೆ. ಅದು ಟವೆಲ್ ವಿದ್ಯೆ.

ಬಸ್ಸು ಇನ್ನೂ ಸ್ಟ್ಯಾಂಡಿನೊಳಗೆ ತಿರುಗುತ್ತಿರುತ್ತದೆ. ಅಷ್ಟರಲ್ಲಿ ಓಡಿಬಂದು, ಕಿಟಕಿಯೊಳಗೆ ಕೈ ತೂರಿಸಿ, ಸೀಟಿನ ಮೇಲೆ ಟವೆಲ್ ಒಗೆಯಬೇಕು. ಒಗೆದರೆ ಮುಗಿಯಿತು. ಸೀಟು ಆತನದು. ಟವೆಲ್ ಇಲ್ಲದವರು ಟೋಪಿ ಒಗೆಯುತ್ತಾರೆ, ನಿಂಬೆಹಣ್ಣಿನ ಚೀಲ ಒಗೆಯುತ್ತಾರೆ. ಇಂಡಿಯಲ್ಲಿ ಒಬ್ಬ ಅಜ್ಜ ಕೈಗೆ ಏನೂ ಸಿಗದೆ ತನ್ನ ಮೊಮ್ಮಗನನ್ನೇ ಕಿಟಕಿಯಿಂದ ಒಳಗೆ ಇಳಿಬಿಟ್ಟಿದ್ದ. ಆಮೇಲೆ ಆ ಸೀಟಿಗಾಗಿ ಜಗಳ, ಬೈಗುಳ, ವಂಶದ ಉದ್ಧಾರ. ಟಿಕೆಟ್ ಹರಿಯಲು ಹೋದರೆ ಆತ ಇಳಿಯುವುದು ಎಲ್ಲಿ? ಮುಂದಿನ ಸ್ಟಾಪಿನಲ್ಲಿ!

ಎಷ್ಟು ನಕ್ಕಿದ್ದೇನೆ ಇಂಥವರನ್ನು ನೋಡಿ. ನಗುತ್ತಲೇ ನಾನೂ ಒಂದು ಕಡೆ ಟವೆಲ್ ಹಾಕಿದೆ. ಎಲ್ಲಿ ಗೊತ್ತೇ? ಸ್ಮಶಾನದಲ್ಲಿ.

ನಮ್ಮ ಊರಿನ ಕ್ರೈಸ್ತ ಸಭೆ ಸಣ್ಣದು. ಊರ ಹೊರಗೆ, ಎರೆ ಹೊಲಗಳ ನಡುವೆ, ನಮ್ಮದೊಂದು ಸಮಾಧಿ ಜಾಗವಿದೆ. ಬೇಸಿಗೆಯಲ್ಲಿ ಅಲ್ಲಿ ನಿಂತರೆ ಮಲಗಿದವರಿಗಿಂತ ನಿಂತವರ ಬಗ್ಗೆಯೇ ಹೆಚ್ಚು ಮರುಕ ಬರುತ್ತದೆ. ಇಡೀ ಜಾಗಕ್ಕೆ ಒಂದೇ ಒಂದು ಬೇವಿನ ಮರ. ನಾನು ರಿಟೈರ್ ಆದ ವರ್ಷ ಸಭೆಯವರು ನನ್ನನ್ನು ಹಿರಿಯನನ್ನಾಗಿ ಆರಿಸಿ, ಸಮಾಧಿ ಜಾಗದ ಉಸ್ತುವಾರಿ ಕೊಟ್ಟರು. ಯಾರನ್ನು ಎಲ್ಲಿ ಮಲಗಿಸಬೇಕೆಂದು ಹೇಳುವವನು ನಾನೇ. ಅಂದರೆ ಸತ್ತವರ ಬಸ್ಸಿಗೂ ಕಂಡಕ್ಟರ್!

ಮೊದಲ ದಿನವೇ ಕಣ್ಣು ಬೇವಿನ ಬುಡಕ್ಕೆ ಹೋಯಿತು. ಎಂಥ ತಂಪು. ನಾಲ್ಕು ಕಲ್ಲು ಹುಡುಕಿ ತಂದು, ನನ್ನ ಉದ್ದ ಅಗಲಕ್ಕೆ ಸರಿಯಾಗಿ ನಾಲ್ಕು ಮೂಲೆಗೆ ಇಟ್ಟೆ. ಕೇಳಿದವರಿಗೆ ಮರದ ಬೇರು ಕಾಯಲು ಎಂದೆ. ಮನೆಯಾಕೆಗೆ ಮಾತ್ರ ನಿಜ ಹೇಳಿದೆ.

"ಸತ್ತ ಮ್ಯಾಲೂ ಕಿಟಕಿ ಸೀಟ ಬೇಕೇನ್ರಿ ನಿಮಗ?" ಎಂದಳು.

"ಡ್ಯೂಟಿ ಎಲ್ಲಾ ನಿಂತೇ ಮಾಡೇನಿ. ಅಲ್ಲ್ಯಾದ್ರೂ ತಂಪಿನ್ಯಾಗ ಮಲಗ್ತೇನಿ."

"ಮತ್ತ ನನ್ನ ಜಾಗಾ ಎಲ್ಲಿ?"

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. (ಆ ಜಗಳ ಬೇರೆ. ಅದನ್ನು ಇಲ್ಲಿ ತರುವುದಿಲ್ಲ.)

ಅದೇ ವರ್ಷದ ಬೇಸಿಗೆಯಲ್ಲಿ ನಮ್ಮ ಸಭೆಯ ಒಬ್ಬ ಮಾಸ್ತರರು ತೀರಿಕೊಂಡರು. ದೇವಣಗಾಂವದ ಶಾಲೆಯಲ್ಲಿದ್ದರು. ಅವರು ನನ್ನ ಬಸ್ಸಿನ ಕಾಯಂ ಗಿರಾಕಿ. ಸೀಟು ಸಿಕ್ಕರೂ ಕೂಡುತ್ತಿರಲಿಲ್ಲ. ಯಾರಾದರೂ ಮುದುಕಿ ಹತ್ತಿದರೆ ಎದ್ದು ನಿಲ್ಲುವುದು, ಅವಳು ಇಳಿದ ಮೇಲೆ ಇನ್ನೊಬ್ಬರನ್ನು ಕೂಡಿಸುವುದು. "ಮಾಸ್ತರ, ನೀವು ಸೀಟಿಂದ ರೊಕ್ಕ ಕೊಟ್ಟೀರಿ, ನಿಂದ್ರೂದರದ್ದಲ್ಲ" ಎಂದು ನಾನು ತಮಾಷೆ ಮಾಡಿದರೆ, "ಮುಟ್ಟೂದು ಒಂದೇ ಊರಿಗಲ್ಲೇನ್ರಿ" ಎಂದು ನಗುತ್ತಿದ್ದರು. ಜ್ವರ ಬಂದು ಮೂರ್ನಾಲ್ಕು ದಿನದಲ್ಲಿ ಹೋಗಿಬಿಟ್ಟರು. ಮಕ್ಕಳಿರಲಿಲ್ಲ. ಹೆಂಡತಿ ಒಬ್ಬರೇ. ಅವರೂ ಶಿಕ್ಷಕಿ. ಶಿಕ್ಷಕಿಯನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ.

ಅಕ್ಕೋರು ನನ್ನ ಬಳಿಗೆ ಬಂದು ಕೇಳಿದ್ದು ಒಂದೇ ಮಾತು.

"ಅವ್ರಿಗಿ ಬಿಸಲು ತಡೀತಿದ್ದಿಲ್ಲರಿ. ಸಾಲಿಯಿಂದ ಬಂದ್ರ ತಲಿಗಿ ಹಸಿ ಬಟ್ಟಿ ಸುತಗೊಂಡು ಕೂಡತಿದ್ರು. ಬೇವಿನ ಬುಡಕ ಒಂದೀಟ ಜಾಗಾ ಕೊಡ್ರಿ."

ನಾನು ಏನೆಂದೆ? ಉಗುಳು ನುಂಗದೆ ಹೇಳಿದೆ: "ಅಲ್ಲಿ ಬುಡಕ್ಕ ಬಂಡೆಗಲ್ಲ ಐತ್ರಿ ಅಕ್ಕೋರ. ಹಾರಿನೂ ಇಳಿಯೂದಿಲ್ಲ."

ಸುಳ್ಳು. ಶುದ್ಧ, ಸೋಸಿದ ಸುಳ್ಳು. ಅಲ್ಲಿ ಹಾರೆ ಹಾಕಿ ನೋಡುವುದಿರಲಿ, ಬೆರಳಿನಿಂದಲೂ ನಾನು ಕೆದರಿ ನೋಡಿರಲಿಲ್ಲ.

ಅಕ್ಕೋರು, "ನೀವು ನೋಡೇ ಹೇಳ್ತಿರಬೇಕು. ನಿಮಗೂ ತ್ರಾಸ ಕೊಟ್ಟೆ" ಎಂದರು. ಸುಳ್ಳು ಹೇಳಿದವನಿಗೆ ಥ್ಯಾಂಕ್ಸ್ ಹೇಳಿ ಹೋದರು ಎನ್ನಿ.

ಮಾಸ್ತರರನ್ನು ಬೇವಿನ ಎದುರು ಬದಿಯ ಗೋಡೆಯ ಸಾಲಿನಲ್ಲಿ ಮಲಗಿಸಿದೆವು. ಬಟ್ಟ ಬಯಲು. ಗುಂಡಿ ತೋಡುವಷ್ಟು ಹೊತ್ತು ನಾನು ಕೊಡೆ ಹಿಡಿದು ನಿಂತಿದ್ದೆ. ಯಾರ ತಲೆಯ ಮೇಲೆ? ನನ್ನದೇ ತಲೆಯ ಮೇಲೆ.

ಆಮೇಲೆ ಅಕ್ಕೋರಿಗೆ ಬಸವನ ಬಾಗೇವಾಡಿಗೆ ವರ್ಗವಾಯಿತು. ಆದರೂ ರಜೆ ಸಿಕ್ಕಾಗ ಬರುತ್ತಿದ್ದರು. ದಾಸವಾಳದ ಸಸಿ ತಂದು ಗೋರಿಯ ಪಕ್ಕ ನೆಟ್ಟು ಹೋಗುವುದು, ಅದು ಒಣಗುವುದು, ಮತ್ತೆ ತರುವುದು. ಆ ಒಣಗಿದ ಕಡ್ಡಿಗಳನ್ನು ಕಿತ್ತು ಬೇಲಿಯಾಚೆ ಎಸೆಯುವ ಕೆಲಸ ಯಾರದು? ಉಸ್ತುವಾರಿಯವನದು. ಎಸೆದು ಬಂದು ನಾನು ಬೇವಿನ ನೆರಳಲ್ಲಿ ಕೂತು ಬೀಡಿ ಸೇದುತ್ತಿದ್ದೆ.

ಈಗ ತಮಾಷೆ ಕೇಳಿ. ಇದೇ ವರ್ಷಗಳಲ್ಲಿ ನಾನು ಮನೆ ಪ್ರಾರ್ಥನೆಗಳಲ್ಲಿ ಸಂದೇಶ ಕೊಡುವುದರಲ್ಲಿ ಹೆಸರು ಮಾಡಿದೆ. ವಿಷಯ ಒಂದೇ. "ನಾವು ಈ ಲೋಕದ ಪ್ಯಾಸೆಂಜರುಗಳು. ನಮ್ಮ ಟಿಕೆಟ್ ಪರಲೋಕಕ್ಕೆ. ನಡುವಿನ ಸೀಟಿಗಾಗಿ ಯಾಕೆ ಬಡಿದಾಡಬೇಕು?" ಜನ ತಲೆದೂಗಿದರು. ಮುದ್ದೇಬಿಹಾಳದವರು ಕರೆಸಿಕೊಂಡು ಮಾತಾಡಿಸಿದರು, ಕೋಳಿ ಸಾರು ಹಾಕಿದರು. ಅಲ್ಲಿ ಇನ್ನೂ ಒಂದು ಮಾತು ಸೇರಿಸಿದೆ: "ಆಲಮಟ್ಟಿಯ ನೀರು ಈ ವರ್ಷವೇ ನಮ್ಮ ಹೊಲಕ್ಕೆ ಬರಲಿ ಎನ್ನುತ್ತೇವೆ. ಪರಲೋಕ? ಅದು ನಿಧಾನವಾಗಿ ಬರಲಿ, ಅವಸರವಿಲ್ಲ ಎನ್ನುತ್ತೇವೆ!" ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಯಾರೊಬ್ಬರೂ ಎದ್ದು, "ಹಿರೇರ, ನಿಮ್ಮ ಟವೆಲ್ ಎಲ್ಲಿ ಹಾಕೀರಿ?" ಎಂದು ಕೇಳಲಿಲ್ಲ.

ಕೇಳುವ ದಿನ ಈ ಈಸ್ಟರಿಗೆ ಬಂತು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಈಸ್ಟರಿನ ಹಿಂದಿನ ದಿನ ಎಲ್ಲರೂ ಸೇರಿ ಸಮಾಧಿ ಜಾಗ ಹಸನು ಮಾಡಿ, ಗೋರಿಗಳಿಗೆ ಸುಣ್ಣ ಬಳಿಯುತ್ತೇವೆ. ಮರುದಿನ ಸೂರ್ಯ ಹುಟ್ಟುವ ಮೊದಲೇ ಅಲ್ಲಿ ನಿಂತು ಹಾಡುತ್ತೇವೆ. (ಕ್ರಿಸ್ತನ ಸಮಾಧಿಯ ಬಾಯಿಗೆ ಮುಚ್ಚಿದ್ದ ದೊಡ್ಡ ಕಲ್ಲು ಆ ನಸುಕಿನಲ್ಲಿ ಉರುಳಿತ್ತು, ಆತ ಎದ್ದು ಬಂದಿದ್ದ ಎಂಬುದು ನಮ್ಮ ನಂಬಿಕೆ. ನಾವೂ ಒಂದು ದಿನ ಹಾಗೆ ಏಳುತ್ತೇವೆ ಎಂಬುದು ಅದರ ಮುಂದಿನ ಭಾಗ.) ಅಕ್ಕೋರು ಪ್ರತಿವರ್ಷದಂತೆ ಬಾಗೇವಾಡಿಯಿಂದ ಬಂದು, ಬಕೆಟ್ಟಿನಲ್ಲಿ ಸುಣ್ಣ ಕಲಸಿಕೊಂಡು ಮಾಸ್ತರರ ಗೋರಿಯ ಬಳಿ ಕೂತಿದ್ದರು.

ಹಾಡುವ ಜಾಗದಲ್ಲಿ ಮರದ ಶಿಲುಬೆ ನಿಲ್ಲಿಸಬೇಕು. ಈ ಸಲ ಬೇವಿನ ಕೆಳಗೆ ನಿಲ್ಲಿಸೋಣ ಎಂದರು ನಮ್ಮ ಪಾಸ್ಟರು. ನಮ್ಮ ಸಭೆಯ ಗೌಂಡಿ ದಾನಪ್ಪ ಹಾರೆ ಎತ್ತಿಕೊಂಡು ಅತ್ತ ನಡೆದ.

"ದಾನಪ್ಪ, ಅಲ್ಲಿ ಬ್ಯಾಡೋ! ಬಂಡೆಗಲ್ಲ ಐತಿ!"

"ಇರಲಿ ಬಿಡ್ರಿ ಹಿರೇರ. ಕಲ್ಲ ಒಡಿಯೂದ ನಮ್ಮ ಕಸಬ ಐತಿ."

ಎತ್ತಿ ಹಾಕಿದ. ಹಾರೆ ಅರ್ಧ ಒಳಗೆ ಹೋಯಿತು. ಕಿತ್ತು, ಸ್ವಲ್ಪ ಸರಿದು ಮತ್ತೆ ಹಾಕಿದ. ಮತ್ತೆ ಅರ್ಧ ಒಳಗೆ. ದಾನಪ್ಪ ಹಾರೆಯನ್ನು ನೋಡಿದ, ನನ್ನನ್ನು ನೋಡಿದ.

"ಹಿರೇರ, ಇದು ಬೆಣ್ಣಿ ಇದ್ದಂಗ ಐತಲ್ರಿ! ಬಂಡೆಗಲ್ಲ ಎಲ್ಲಿ ಐತಿ?"

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಗೋಡೆಯ ಬಳಿ ಸುಣ್ಣದ ಕುಂಚ ಹಿಡಿದ ಕೈ ನಿಂತಿತು. ಆ ಹೊತ್ತಿನಲ್ಲಿ ಬಾಯಿ ತೆರೆದು ನಿಜ ಹೇಳಲು ಏನಾಗಿತ್ತು ನನಗೆ? ಬಾಯಿ ತೆರೆದೆ. ಹೊರಗೆ ಬಂದದ್ದು ಇದು:

"ಇತ್ತು... ಮಳಿ ನೀರಿಗೆ ಕರಗಿರಬೇಕು."

ಆಗ ಗೋಡೆಯ ಕಡೆಯಿಂದ ಅಕ್ಕೋರ ಧ್ವನಿ ಬಂತು. ತಣ್ಣಗೆ, ಪಾಠ ಓದುವಂತೆ.

"ಈಸ್ಟರಿನ್ಯಾಗ ಕಲ್ಲ ಉರಳತೈತಿ ಅಂತ ಕೇಳಿದ್ದೆ. ಕರಗತೈತಿ ಅಂತ ಇವತ್ತ ಗೊತ್ತಾತು."

ಒಂದೇ ಸಲ ಎಲ್ಲರೂ ನಕ್ಕರು. ಪಾಸ್ಟರು ಕರವಸ್ತ್ರ ತೆಗೆದು ಮುಖ ಮುಚ್ಚಿಕೊಂಡರು. ದಾನಪ್ಪ ಹಾರೆಯ ಮೇಲೆ ಬಾಗಿ ನಕ್ಕ. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಅಕ್ಕೋರು ಮಾತ್ರ ನಗದೆ ಮತ್ತೆ ಸುಣ್ಣ ಬಳಿಯತೊಡಗಿದರು.

ಮರುದಿನ ನಸುಕಿನಲ್ಲಿ ಹಾಡಲು ನಿಂತಾಗ ಇನ್ನೊಂದು ಪಾಠ. ಬೇವಿನ ಮರವಿರುವುದು ಪೂರ್ವದ ಬೇಲಿಯ ಮಗ್ಗುಲಲ್ಲಿ. ಬೇಲಿಗೆ ಆಳೆತ್ತರದ ಕಳ್ಳಿ. ಸೂರ್ಯ ಹುಟ್ಟಿದಾಗ ಮೊದಲ ಬೆಳಕು ಬಿದ್ದದ್ದು ಎದುರಿನ ಗೋಡೆಯ ಮೇಲೆ, ಗೋಡೆಯ ಸಾಲಿನ ಮೇಲೆ. ಹೊಸ ಸುಣ್ಣದ ಗೋರಿ ಥಳಥಳ ಹೊಳೆಯಿತು. ನಾನು ನಾಲ್ಕು ಕಲ್ಲಿಟ್ಟು ಹಿಡಿದ ಜಾಗದಲ್ಲಿ ಇನ್ನೂ ಕತ್ತಲು. ಅಲ್ಲಿ ಬೆಳಗಾಗುವುದೇ ಎಲ್ಲಕ್ಕಿಂತ ಕೊನೆಗೆ! ಇಷ್ಟು ವರ್ಷ ಉಸ್ತುವಾರಿ ಮಾಡಿ, ಪ್ರತಿ ಈಸ್ಟರಿಗೆ ಅಲ್ಲಿ ನಿಂತು ಹಾಡಿ, ಇದು ಕಣ್ಣಿಗೆ ಬಿದ್ದಿರಲಿಲ್ಲ. ನೋಡಿದ್ದು ನೆರಳನ್ನು ಮಾತ್ರ.

ಪ್ರಾರ್ಥನೆ ಮುಗಿದ ಮೇಲೆ ಅಕ್ಕೋರ ಕಡೆ ಹೆಜ್ಜೆ ಹಾಕಿದೆ. ಅವರು "ಬಸ್ಸಿನ ಟೈಮ್ ಆತ್ರಿ" ಎಂದು ಹೊರಟರು. ನನಗೆ ಹಾಯೆನಿಸಿತು. ಹಾಯೆನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಅಂದು ಸಂಜೆಯೇ ಹೋಗಿ ನಾಲ್ಕೂ ಕಲ್ಲು ಕಿತ್ತು ಹಾಕಿದೆ. ಬೇವಿನ ಬುಡ ಈಗ ಮೊದಲು ಬಂದವರಿಗೆ. (ಯಾರೂ ಅವಸರ ಮಾಡಬೇಡಿ.) ಆದರೆ ಕಲ್ಲು ಕಿತ್ತರೆ ಮಾತು ಹೇಳಿದಂತಾಯಿತೇ?

ನನ್ನ ತೊಂದರೆ ನಿಮಗೆ ಅರ್ಥವಾಗಬೇಕು. ನಾನು ನಿಜವಾಗಿಯೂ ನಂಬುವವನು. ಒಂದು ದಿನ ಎಲ್ಲರೂ ಏಳುತ್ತಾರೆ ಎಂದು ನಂಬುತ್ತೇನೆ. ಎದ್ದರೆ ಮಾಸ್ತರರು ಎಲ್ಲಿ ಏಳುತ್ತಾರೆ? ಅದೇ ಗೋಡೆಯ ಬಳಿ, ನನ್ನಿಂದ ಕೂಗಳತೆಯಲ್ಲಿ. ಮಣ್ಣು ಕೊಡವಿಕೊಂಡು ನಗುತ್ತ ಬಂದು, "ಕಂಡಕ್ಟರ್ ಸಾಹೇಬ್ರ, ಸೀಟ ಸಿಕ್ಕಿತೇನ್ರಿ?" ಎಂದರೆ ನಾನೇನು ಹೇಳಲಿ? ಅಲ್ಲಿ ಮಳೆಯ ಕಥೆ ನಡೆಯುವುದಿಲ್ಲ. ನಿತ್ಯಜೀವ ನಿತ್ಯಜೀವ ಎಂದು ಊರೂರಿಗೆ ಹೇಳಿ ಬಂದೆ. ಅಷ್ಟು ದೀರ್ಘಕಾಲ ಅದೇ ಜನರ ಜೊತೆ ಇರಬೇಕಾಗುತ್ತದೆ ಎಂಬ ಲೆಕ್ಕ ಮಾತ್ರ ತಲೆಗೆ ಬಂದಿರಲಿಲ್ಲ. ಅಲ್ಲಿ ಯಾರ ಮುಖ ನೋಡಬೇಕೋ, ಅವರ ಮುಖವನ್ನು ಇಲ್ಲಿ ಬಾಗೇವಾಡಿಯಲ್ಲಿ ನೋಡಲು ನನಗೆ ಧೈರ್ಯವಿಲ್ಲದಿದ್ದರೆ, ಪರಲೋಕದ ಮಾತು ಆಡಿ ಏನು ಫಲ?

ಈ ಸೋಮವಾರ ದಾನಪ್ಪ ಸುದ್ದಿ ತಂದ. ಅಕ್ಕೋರಿಗೆ ಈ ತಿಂಗಳು ರಿಟೈರ್. ಹೊಸಪೇಟೆಯ ತಂಗಿಯ ಮನೆಗೆ ಹೋಗಿಬಿಡುತ್ತಾರಂತೆ. ಮನೆಯಾಕೆ ನನ್ನ ಕೋಟನ್ನು ತಂದು ಮಡಿಲಿಗೆ ಹಾಕಿದಳು.

"ಹೋಗಿ ಹೇಳಿ ಬರ್ರಿ. ಆಕಿ ಹೊಸಪ್ಯಾಟಿಗೆ ಹೋದ್ರ ನೀವು ಹೋಗೂದಿಲ್ಲ. ನನಗ ಗೊತ್ತೈತಿ."

ಬಾಗೇವಾಡಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿದೆ. 'ಅಕ್ಕೋರ, ನಿಮ್ಮ ಮುಂದ ಒಂದು ಸುಳ್ಳ ಹೇಳಿದ್ದೆ.' ಎಷ್ಟು ಸುಲಭದ ವಾಕ್ಯ! ಬಾಯೊಳಗೆ ಹೇಳಿಕೊಳ್ಳುವುದನ್ನು ಕಂಡು ಪಕ್ಕದಲ್ಲಿದ್ದ ಇಂಗಳೇಶ್ವರದ ರೈತ, "ಜಪಾ ಮಾಡಾಕತ್ತೀರೇನ್ರಿ ಯಜಮಾನ್ರ?" ಎಂದ. ಹೌದಪ್ಪ ಎಂದೆ.

ಅಕ್ಕೋರು ನನ್ನನ್ನು ನೋಡಿ ಬೆರಗಾದರು. ಕೋಣೆಯಲ್ಲಿ ಟ್ರಂಕು, ಕಟ್ಟಿಟ್ಟ ಹಾಸಿಗೆ. "ಬರ್ರಿ ಬರ್ರಿ, ಕೂಡ್ರಿ. ನಿಮ್ಮ ಹಂದಿ ಲೇಖನಾ ಓದಿದೆ. ಭಾಳ ನಕ್ಕೆ" ಎಂದರು. ಚುರುಮುರಿ ತೋಯಿಸಿ ಬಿಸಿಬಿಸಿ ಸೂಸಲಾ ಮಾಡಿದರು. ರೇಶನ್ ಸಕ್ಕರೆಯ ಈ ದಿನಗಳಲ್ಲೂ ಚಹಾಕ್ಕೆ ಧಾರಾಳವಾಗಿ ಸಕ್ಕರೆ ಹಾಕಿದರು. ನಾನು ತಟ್ಟೆ ಹಿಡಿದು ಕೂತೆ.

"ಇನ್ನ ಈ ಕಡಿ ಬರೂದು ಆಗೂದಿಲ್ರಿ" ಎಂದರು. "ಒಂದ ಕೆಲಸ ಐತಿ. ವರ್ಷಕ್ಕೊಮ್ಮೆ ಅವ್ರ ಗೋರಿಗಿ ಸುಣ್ಣಾ ಹಚ್ಚಸ್ತೀರೇನ್ರಿ? ನೀವು ಉಸ್ತುವಾರಿ ಅದೀರಿ ಅಂತ ಕೇಳಾಕತ್ತೇನಿ."

"ನಾನೇ ಹಚ್ತೇನ್ರಿ" ಎಂದೆ. ಗಂಟಲಿಗೆ ಚುರುಮುರಿ ಸಿಕ್ಕಿತು.

ಅವರು ನೀರು ಕೊಟ್ಟು, ಕಿಟಕಿಯ ಕಡೆ ನೋಡುತ್ತ ಹೇಳಿದರು: "ಮೊದಲಿನ ಎರಡ ವರ್ಷ ಭಾಳ ಅತ್ತೇನಿ. ಬಿಸಲಾಗ ಮಲಗಿಸಿ ಬಂದ್ನಲ್ಲಾ ಅಂತ. ಇಲ್ಲಿ ಫ್ಯಾನಿನ ಬುಡಕ ಕೂತ್ರೂ ಮೈ ಉರೀತಿತ್ತು. ಆಮ್ಯಾಲ ಒಂದ ಈಸ್ಟರಿಗೆ ನೋಡಿದೆ, ಮೊದಲ ಬೆಳಕ ಅವ್ರ ಮ್ಯಾಲೇ ಬಿತ್ತು. ಅವತ್ತ ಸಮಾಧಾನ ಆತು. ಮಲಗಾವ್ರಿಗಿ ನೆರಳ ಬೇಕು ಖರೆ. ಏಳೂ ಮಂದಿಗಿ ನೆರಳ ಯಾಕ್ರಿ?"

ಇದಕ್ಕಿಂತ ಒಳ್ಳೆಯ ಗಳಿಗೆ ಯಾರಿಗೆ ಸಿಗುತ್ತದೆ ಹೇಳಿ? ತಟ್ಟೆ ಕೆಳಗಿಟ್ಟೆ. ಕೈ ಒರೆಸಿಕೊಂಡೆ.

"ಅಕ್ಕೋರ, ನಿಮಗ ಒಂದ ಮಾತ ಹೇಳೂದೈತಿ."

"ಹೇಳ್ರಿ."

ಅವರು ನೇರವಾಗಿ ನನ್ನ ಮುಖ ನೋಡಿದರು. ಕಾಯುತ್ತಿದ್ದರು ಎನಿಸಿತು. ಎರಡು ವರ್ಷ ಅತ್ತ ಕಣ್ಣುಗಳು ಅವು. ಆ ಅಳು ನನ್ನದೇ ಕೆಲಸ.

"ಸೂಸಲಾ ಭಾಳ ಛಲೋ ಆಗೈತ್ರಿ" ಎಂದೆ.

ಅಕ್ಕೋರು ಮೆಲ್ಲಗೆ ನಕ್ಕು, "ಇನ್ನಷ್ಟ ಹಾಕ್ಲೇನ್ರಿ?" ಎಂದರು. ಹಾಕಿಸಿಕೊಂಡೆ!

ಮನೆಗೆ ಬಂದಾಗ ಮನೆಯಾಕೆ ಬಾಗಿಲಲ್ಲೇ ನಿಂತಿದ್ದಳು.

"ಹೇಳಿದ್ರಿ?"

"ಇಲ್ಲ."

"ಮತ್ತ ಇಷ್ಟೊತ್ತ ಏನ್ ಮಾಡಿದ್ರಿ?"

"ಸೂಸಲಾ ತಿಂದೆ."

ಅವಳು ಹಣೆ ಬಡಿದುಕೊಂಡಳು. "ಯಪ್ಪಾ ದೇವರ! ಇವರ್ನ ಪರಲೋಕಕ್ಕ ಕರಕೊಂಡ್ರೂ ಮೊದಲ ಅಡಗಿ ಮನಿ ಎಲ್ಲೈತಿ ಅಂತ ಕೇಳ್ತಾರ." ಎರಡನೆಯ ಸಲ ಬಡಿಸಿಕೊಂಡದ್ದನ್ನು ನಾನು ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಸಮಾಧಾನದಿಂದ ಅಂದಳು: "ನಾಕ ಮಂದಿ ಮುಂದ ಸುಳ್ಳ ಹೇಳಿದ್ರಿ. ನಾಕ ಮಂದಿ ಓದೂವಲ್ಲಿ ಖರೆ ಬರೀರಿ. ಆಕಿ ನಿಮ್ಮ ಪೇಪರ್ ಓದತಾಳ ಅಂದ್ರಿ. ವಾರಾ ವಾರಾ ಊರ ಮಂದಿಗೆಲ್ಲಾ ಬುದ್ಧಿ ಹೇಳ್ತೀರಿ, ಒಂದ ವಾರ ನಿಮಗ ಹೇಳ್ಕೋರಿ."

ಹಾಗಾಗಿ ಬರೆದೆ. ಬರೆದು ಓದಿ ತೋರಿಸಿದೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಪೂರ್ತಿ ಕೇಳಿದಳು. ಬಂಡೆ ಕರಗಿದಲ್ಲಿ ನಕ್ಕಳು, ಎರಡನೆಯ ಸಲದ ಸೂಸಲಾ ಬಂದಾಗ ನನ್ನತ್ತ ದೊಡ್ಡದಾಗಿ ಕಣ್ಣು ಬಿಟ್ಟಳು. ನಂತರ ಕೇಳಿದಳು.

"ಹೆಸರೆಲ್ಲೈತಿ?"

"ಅಕ್ಕೋರು ಅಂತ ಬರದೇನಲ್ಲ."

"ಅಕ್ಕೋರು ಜಿಲ್ಲಾ ತುಂಬ ಅದಾರ. ಮಾಸ್ತರ ಹೆಂಡತಿ ಅಂದ್ರೂ ಆಗೂದಿಲ್ಲ. ಯಾರ ಹಂತ್ಯಾಕ ಕ್ಷಮಾ ಕೇಳ್ತೀರೋ ಅವ್ರ ಹೆಸರ ಹಿಡದು ಕೇಳ್ಬೇಕು. ಇಲ್ಲಾಂದ್ರ ಇದೂ ಒಂದ ಹಂದಿ ಲೇಖನಾನ ಆತು."

ರೊಟ್ಟಿ ತಿರುವಿ ಹಾಕಿ, ನಾನು ಬರೆಯುವುದನ್ನೇ ನೋಡುತ್ತ ಕೂತಿದ್ದಾಳೆ. ಇನ್ನು ಸರಿಯಲು ಜಾಗವಿಲ್ಲ.

ಅಲ್ಲಿ ಬಂಡೆ ಇರಲಿಲ್ಲ, ಅಲ್ಲಿದ್ದದ್ದು ನನ್ನ ಆಸೆ, ನನ್ನಿಂದ ತಪ್ಪಾಯಿತು, ಸುಗುಣಾಬಾಯಿ ಅಕ್ಕೋರೇ.